25 ಮಿಲಿಮೀಟರ್ ಎಂದರೆ ಎಷ್ಟು?
ತಿರುಗುವ ಯಂತ್ರಗಳಲ್ಲಿ ಟಾಲರೆನ್ಸ್ ಮತ್ತು ಫಿಟ್

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಸಂಜೆ ಊರಿನಿಂದ ತಮ್ಮನ ಫೋನು ಬಂತು. "ಅಣ್ಣಾ, ತೋಟದ ಮೋಟಾರಿನ ಬೇರಿಂಗ್ ಮತ್ತೆ ಹೋಯ್ತು. ಈ ಸಲ ಒಳ್ಳೆ ಕಂಪನಿಯದ್ದೇ ಹಾಕಿಸಿದ್ದೆ, ಒಂದು ತಿಂಗಳೂ ಬರಲಿಲ್ಲ." ಅದು ಎರಡು ಅಶ್ವಶಕ್ತಿಯ ಮಾನೋಬ್ಲಾಕ್ ಪಂಪು, ನಿಮಿಷಕ್ಕೆ 2880 ಸುತ್ತು ತಿರುಗುವಂಥದ್ದು. ಆ ಬೇಸಿಗೆಯಲ್ಲಿ ಹಾಳಾದ ಮೂರನೆಯ ಬೇರಿಂಗ್ ಇದು. ಎರಡನೆಯದು ಹೋದಾಗ ರೋಟಾರು ಸ್ಟೇಟರಿಗೆ ಉಜ್ಜಿ ವೈಂಡಿಂಗ್ ಕೂಡ ಸುಟ್ಟಿತ್ತು. ಇಂಥ ಮೋಟಾರುಗಳಲ್ಲಿ ಇವೆರಡರ ನಡುವಿನ ಗಾಳಿಯ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ ಇರುವುದರಿಂದ ಬೇರಿಂಗ್ ಸ್ವಲ್ಪ ಕುಸಿದರೂ ಸಾಕು. ರಿವೈಂಡಿಂಗ್ ಮುಗಿಯುವ ತನಕ ಅಡಿಕೆ ಸಸಿಗಳಿಗೆ ನೀರಿಲ್ಲ. ದುರಸ್ತಿ ಮಾಡಿದವರು "ಬೇರಿಂಗ್ ಡೂಪ್ಲಿಕೇಟ್" ಎಂದರು. ಬೇರಿಂಗ್ ಮಾರಿದವರು "ವೋಲ್ಟೇಜ್ ಸರಿಯಿಲ್ಲ" ಎಂದರು.

ಊರಿಗೆ ಹೊರಡುವಾಗ ಕಾಲೇಜಿನ ವರ್ಕ್‌ಷಾಪಿನಿಂದ ಒಂದು ಮೈಕ್ರೊಮೀಟರನ್ನು ಕೇಳಿ ತೆಗೆದುಕೊಂಡೆ. ವರ್ನಿಯರ್ ಗೀರುಗಳಿದ್ದು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಓದಬಲ್ಲ ಉಪಕರಣ ಅದು. ಮೋಟಾರಿನ ಮುಚ್ಚಳ ಬಿಚ್ಚಿದಾಗ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ಬೇರಿಂಗನ್ನು ಹೊರತೆಗೆಯಲು ಪುಲ್ಲರ್ ಬೇಕಾಗಲೇ ಇಲ್ಲ. ಬೆರಳಿನಿಂದ ಎಳೆದರೆ ಬಂತು. ಅದು ಕುಳಿತಿದ್ದ ಜಾಗದಲ್ಲಿ ಕೆಮ್ಮಣ್ಣಿನ ಬಣ್ಣದ ನುಣುಪಾದ ಪುಡಿ. ಪುಡಿಯನ್ನು ಒರೆಸಿದರೆ ಶಾಫ್ಟಿನ ಮೇಲೆ ಸಾಲುಸಾಲಾಗಿ ಸೆಂಟರ್ ಪಂಚ್ ಹೊಡೆದ ಚುಕ್ಕೆಗಳು. ಚುಕ್ಕೆಗಳಿಲ್ಲದ ಕಡೆ ಮೈಕ್ರೊಮೀಟರ್ ಹಿಡಿದರೆ 24.985 ಮಿ.ಮೀ. ಇಪ್ಪತ್ತೈದಕ್ಕೆ ಹದಿನೈದು ಮೈಕ್ರಾನ್ ಕಡಿಮೆ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಐದನೇ ಒಂದು ಪಾಲು. "ಇಷ್ಟಕ್ಕೆಲ್ಲ ಬೇರಿಂಗ್ ಹೋಗುತ್ತದೆಯೇ?" ಎಂದು ತಮ್ಮ ಕೇಳಿದ. ಅವನಿಗೆ ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಳತೆ ಒಂದು ಸಂಖ್ಯೆಯಲ್ಲ

ಬೇರಿಂಗಿನ ಮೇಲೆ 6205 ಎಂದು ಬರೆದಿತ್ತು. ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳರಂಧ್ರದ ವ್ಯಾಸ ಬರುತ್ತದೆ: 25 ಮಿ.ಮೀ. ಹೊರವ್ಯಾಸ 52, ಅಗಲ 15 ಮಿ.ಮೀ. ಇವು ಎಲ್ಲ ತಯಾರಕರಿಗೂ ಸಮಾನವಾದ ಅಳತೆಗಳು. ಆದರೆ ಸರಿಯಾಗಿ 25.000 ಮಿ.ಮೀ. ವ್ಯಾಸದ ರಂಧ್ರವನ್ನು ಯಾವ ಕಾರ್ಖಾನೆಯೂ ಮಾಡಲಾರದು. ಉಳಿ ಸವೆಯುತ್ತದೆ, ಲೋಹ ಬಿಸಿಯಾಗುತ್ತದೆ, ಯಂತ್ರ ನಡುಗುತ್ತದೆ. ಆದ್ದರಿಂದ ವಿನ್ಯಾಸಕಾರನು ಒಂದು ಸಂಖ್ಯೆಯ ಬದಲು ಎರಡು ಗಡಿಗಳನ್ನು ಕೊಡುತ್ತಾನೆ. ತಯಾರಾದ ಅಳತೆ ಅವುಗಳ ನಡುವೆ ಎಲ್ಲಿ ಬಿದ್ದರೂ ಸರಿ. ಈ ಎರಡು ಗಡಿಗಳ ನಡುವಿನ ಅಂತರವೇ ಟಾಲರೆನ್ಸ್. ಸಾಮಾನ್ಯ ದರ್ಜೆಯ ಬೇರಿಂಗಿನ 25 ಮಿ.ಮೀ. ರಂಧ್ರಕ್ಕೆ ಮೇಲಿನ ಗಡಿ 25.000, ಕೆಳಗಿನ ಗಡಿ 24.990.

ಶಾಫ್ಟಿಗೂ ಹೀಗೆಯೇ ಗಡಿಗಳಿವೆ. ಐಎಸ್ಒ 286 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಇವನ್ನು ಒಂದು ಅಕ್ಷರ ಮತ್ತು ಒಂದು ಅಂಕಿಯಿಂದ ಸೂಚಿಸುತ್ತಾರೆ. ನಮ್ಮ ದೇಶದ ಐಎಸ್ 919 ಕೂಡ ಇದೇ ಪದ್ಧತಿಯದು. ಟಾಲರೆನ್ಸ್ ವಲಯವು ಮೂಲ ಅಳತೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದನ್ನು ಅಕ್ಷರ ಹೇಳುತ್ತದೆ. ವಲಯ ಎಷ್ಟು ಅಗಲ ಎಂಬುದನ್ನು ಅಂಕಿ ಹೇಳುತ್ತದೆ. ರಂಧ್ರಕ್ಕೆ ದೊಡ್ಡಕ್ಷರ, ಶಾಫ್ಟಿಗೆ ಸಣ್ಣಕ್ಷರ. ವಿದ್ಯುತ್ ಮೋಟಾರುಗಳಲ್ಲಿ ಈ ಗಾತ್ರದ ಶಾಫ್ಟಿಗೆ ಸಾಮಾನ್ಯವಾಗಿ ಸಣ್ಣ ಕೆ5 ಎಂಬ ವಲಯವನ್ನು ಆರಿಸುತ್ತಾರೆ. 25 ಮಿ.ಮೀ. ವ್ಯಾಸಕ್ಕೆ ಅದರ ಅರ್ಥ 25.002ರಿಂದ 25.011 ಮಿ.ಮೀ.

ಈಗ ಎರಡನ್ನೂ ಜೋಡಿಸಿ ನೋಡಿ. ಅತ್ಯಂತ ಸಣ್ಣ ಶಾಫ್ಟಿಗೆ ಅತ್ಯಂತ ದೊಡ್ಡ ರಂಧ್ರ ಸಿಕ್ಕರೂ ಶಾಫ್ಟು 2 ಮೈಕ್ರಾನ್ ದಪ್ಪ. ಅತ್ಯಂತ ದೊಡ್ಡ ಶಾಫ್ಟಿಗೆ ಅತ್ಯಂತ ಸಣ್ಣ ರಂಧ್ರ ಸಿಕ್ಕರೆ 21 ಮೈಕ್ರಾನ್ ದಪ್ಪ. ಅಂದರೆ ಯಾವ ಜೋಡಿಯಲ್ಲೂ ರಂಧ್ರಕ್ಕಿಂತ ಶಾಫ್ಟೇ ದೊಡ್ಡದು! ಇದು ಇಂಟರ್‌ಫಿಯರೆನ್ಸ್ ಫಿಟ್, ಬಿಗಿ ಕೂಡಿಕೆ. ಶಾಫ್ಟು ಯಾವಾಗಲೂ ರಂಧ್ರಕ್ಕಿಂತ ಸಣ್ಣದಾಗಿದ್ದರೆ ಅದು ಕ್ಲಿಯರೆನ್ಸ್ ಫಿಟ್, ಸಡಿಲ ಕೂಡಿಕೆ. ಹಳ್ಳಿಯ ಎತ್ತಿನಗಾಡಿಯ ಒಂದೇ ಚಕ್ರದಲ್ಲಿ ಇವೆರಡೂ ಇದ್ದವು. ಚಕ್ರದ ಸುತ್ತ ಹಾಕುವ ಕಬ್ಬಿಣದ ಪಟ್ಟಿಯನ್ನು ಬೇಕೆಂದೇ ಸಣ್ಣದಾಗಿ ಮಾಡಿ, ಕೆಂಪಗೆ ಕಾಯಿಸಿ ಹಿಗ್ಗಿಸಿ ತೊಡಿಸಿ, ನೀರು ಸುರಿಯುತ್ತಿದ್ದರು. ಗುಂಭ ಮತ್ತು ಅಚ್ಚಿನ ನಡುವೆ ಮಾತ್ರ ಎಣ್ಣೆಗೆ ಜಾಗವಿರುವಷ್ಟು ಸಡಿಲ ಬಿಡುತ್ತಿದ್ದರು. ಮೈಕ್ರಾನಿನ ಲೆಕ್ಕ ಅವರಿಗೆ ಬೇಕಿರಲಿಲ್ಲ, ಏಕೆಂದರೆ ಪ್ರತಿ ಪಟ್ಟಿಯನ್ನೂ ಅದರದೇ ಚಕ್ರಕ್ಕೆ ಅಳೆದು ಮಾಡುತ್ತಿದ್ದರು. ಒಂದು ಊರಿನಲ್ಲಿ ಮಾಡಿದ ಬೇರಿಂಗ್ ಇನ್ನೊಂದು ಊರಿನಲ್ಲಿ ಮಾಡಿದ ಶಾಫ್ಟಿಗೆ ಕೂರಬೇಕಾದಾಗ ಮಾತ್ರ ಟಾಲರೆನ್ಸಿನ ಪ್ರಶ್ನೆ ಬರುತ್ತದೆ.

ಪಠ್ಯಪುಸ್ತಕದಲ್ಲಿ ಕೆ5 ಶಾಫ್ಟನ್ನು ಟ್ರಾನ್ಸಿಷನ್ ಫಿಟ್, ಅಂದರೆ ಕೆಲವೊಮ್ಮೆ ಬಿಗಿ ಕೆಲವೊಮ್ಮೆ ಸಡಿಲ ಆಗುವ ವರ್ಗದಲ್ಲಿ ಇಟ್ಟಿರುವುದನ್ನು ನೀವು ಓದಿರಬಹುದು. ಅದೂ ಸರಿಯೇ. ಸಾಮಾನ್ಯ ಎಚ್7 ರಂಧ್ರದ ವಲಯ 25.000ದಿಂದ ಮೇಲಕ್ಕೆ 25.021ರವರೆಗೆ ಹೋಗುತ್ತದೆ, ಅದರೊಳಗೆ ಕೆ5 ಶಾಫ್ಟು 19 ಮೈಕ್ರಾನ್ ಸಡಿಲವೂ ಆಗಬಹುದು, 11 ಮೈಕ್ರಾನ್ ಬಿಗಿಯೂ ಆಗಬಹುದು. ಬೇರಿಂಗಿನ ರಂಧ್ರದ ವಲಯವೋ 25.000ದಿಂದ ಕೆಳಕ್ಕೆ ಇದೆ. ಹೀಗಾಗಿ ಅದೇ ಶಾಫ್ಟು ಬೇರಿಂಗಿಗೆ ಯಾವಾಗಲೂ ಬಿಗಿ. ವಿದ್ಯಾರ್ಥಿಗಳು ಮಾತ್ರವಲ್ಲ, ಕೆಲವು ಎಂಜಿನಿಯರುಗಳೂ ಇಲ್ಲಿ ಎಡವುವುದನ್ನು ಕಂಡಿದ್ದೇನೆ.

2 ಮತ್ತು 21 ಎಂಬ ತುದಿಗಳು ನಿಜವಾಗಿ ಬರುವುದು ಅಪರೂಪ. ಶಾಫ್ಟಿನ ವಲಯದ ಅಗಲ 9 ಮೈಕ್ರಾನ್, ರಂಧ್ರದ್ದು 10. ಪ್ರಯೋಗಶಾಲೆಯಲ್ಲಿ ಪರಸ್ಪರ ಸಂಬಂಧವಿಲ್ಲದ ದೋಷಗಳನ್ನು ಕೂಡಿಸುವಂತೆ ಇವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 13.5 ಬರುತ್ತದೆ, 19 ಅಲ್ಲ. ಸರಾಸರಿ ಬಿಗಿತ 11.5 ಮೈಕ್ರಾನ್. ಕಾರ್ಖಾನೆಯ ಕೆಲಸ ಹದದಲ್ಲಿದ್ದರೆ ಬಹುಪಾಲು ಜೋಡಿಗಳು 5ರಿಂದ 18 ಮೈಕ್ರಾನ್ ಒಳಗೆ ಇರುತ್ತವೆ.

ಬಳೆ ಮತ್ತು ಲಟ್ಟಣಿಗೆ

ಹಾಗಾದರೆ ಶಾಫ್ಟಿನ ಮೇಲೆ ಬೇರಿಂಗ್ ಅಷ್ಟು ಬಿಗಿಯಾಗಿ ಏಕೆ ಕೂರಬೇಕು? ಜಾರದಿರಲಿ ಎಂದು ಎನ್ನುವುದು ಎಲ್ಲರೂ ಕೊಡುವ ಉತ್ತರ. ಆದರೆ ವಿಷಯ ಜಾರುವಿಕೆಗಿಂತ ಸ್ವಾರಸ್ಯಕರವಾದದ್ದು. ಅದನ್ನು ತರಗತಿಯಲ್ಲಿ ಎರಡು ನಿಮಿಷದಲ್ಲಿ ತೋರಿಸಬಹುದು.

ಒಂದು ಲಟ್ಟಣಿಗೆಯನ್ನು ಅಡ್ಡಲಾಗಿ ಹಿಡಿದು ಅದಕ್ಕೊಂದು ಬಳೆಯನ್ನು ನೇತುಹಾಕಿ. ಎರಡರ ಮೇಲೂ ಸೀಮೆಸುಣ್ಣದಿಂದ ಒಂದೊಂದು ಗುರುತು ಮಾಡಿ. ಲಟ್ಟಣಿಗೆಯನ್ನು ನಿಧಾನವಾಗಿ ತಿರುಗಿಸಿ. ಬಳೆಯೂ ತಿರುಗುತ್ತದೆ, ಆದರೆ ಹಿಂದೆ ಬೀಳುತ್ತದೆ. ಲಟ್ಟಣಿಗೆಯ ವ್ಯಾಸ 4 ಸೆಂ.ಮೀ., ಬಳೆಯ ಒಳವ್ಯಾಸ 6 ಸೆಂ.ಮೀ. ಇದ್ದರೆ ಲಟ್ಟಣಿಗೆ ಮೂರು ಸುತ್ತು ಬರುವಾಗ ಬಳೆ ಎರಡೇ ಸುತ್ತು. ಇದು ಜಾರಿದ್ದರಿಂದ ಆದದ್ದೇ? ಲಟ್ಟಣಿಗೆಗೆ ತೆಳುವಾದ ಒರಟು ಬಟ್ಟೆ ಸುತ್ತಿ ಮತ್ತೆ ಮಾಡಿ. ಘರ್ಷಣೆ ಹೆಚ್ಚಾದರೂ ಬಳೆ ಮೊದಲಿನಂತೆಯೇ ಹಿಂದೆ ಬೀಳುತ್ತದೆ. ಏಕೆಂದರೆ ಬಳೆ ಜಾರುತ್ತಿಲ್ಲ, ಉರುಳುತ್ತಿದೆ. ಸಣ್ಣ ಸುತ್ತಳತೆಯ ಮೇಲೆ ದೊಡ್ಡ ಸುತ್ತಳತೆ ಉರುಳಿದರೆ ಒಂದು ಸುತ್ತಿಗೆ ಎರಡೂ ಸುತ್ತಳತೆಗಳ ವ್ಯತ್ಯಾಸದಷ್ಟು ಹಿಂದೆ ಬೀಳಲೇಬೇಕು. ಅದು ಕೇವಲ ರೇಖಾಗಣಿತ.

ಮೋಟಾರಿನಲ್ಲೂ ನಡೆದದ್ದು ಇದೇ. ರೋಟಾರಿನ ತೂಕ, ಪಂಪಿನ ಇಂಪೆಲ್ಲರ್ ಮೇಲೆ ನೀರಿನ ಒತ್ತಡ ಇವು ಒಂದೇ ದಿಕ್ಕಿನಲ್ಲಿ ಒತ್ತುತ್ತವೆ; ಶಾಫ್ಟು ತಿರುಗುತ್ತದೆ. ಶಾಫ್ಟು 24.985 ಮಿ.ಮೀ., ರಂಧ್ರವು ಅದರ ವಲಯದ ನಡುವಿನಲ್ಲಿ, ಅಂದರೆ 24.995 ಎಂದು ಇಟ್ಟುಕೊಳ್ಳೋಣ. ಸಡಿಲ 10 ಮೈಕ್ರಾನ್. ಇದನ್ನು ಪೈನಿಂದ ಗುಣಿಸಿದರೆ ಸುತ್ತಳತೆಯ ವ್ಯತ್ಯಾಸ 31 ಮೈಕ್ರಾನ್. ಒಂದು ಸುತ್ತಿಗೆ ಒಳ ಉಂಗುರ ಇಷ್ಟು ಹಿಂದೆ ಬೀಳುತ್ತದೆ. ನಿಮಿಷಕ್ಕೆ 2880 ಸುತ್ತು ಎಂದರೆ ನಿಮಿಷಕ್ಕೆ 90 ಮಿ.ಮೀ. ಶಾಫ್ಟಿನ ಸುತ್ತಳತೆಯೇ 78.5 ಮಿ.ಮೀ. ತಾನೆ? ಹಾಗಾದರೆ ಗಂಟೆಗೆ 69 ಬಾರಿ ಉಂಗುರವು ಶಾಫ್ಟಿನ ಸುತ್ತ ಪೂರ್ತಿ ಒಂದು ಸುತ್ತು ಹಿಂದೆ ಬೀಳುತ್ತದೆ. ದಿನಕ್ಕೆ ಆರು ಗಂಟೆ ಪಂಪು ಓಡಿದರೆ ನಾಲ್ಕುನೂರಕ್ಕೂ ಹೆಚ್ಚು.

ಒತ್ತಡದಿಂದ ಸ್ವಲ್ಪ ಚಪ್ಪಟೆಯಾದ ಎರಡು ಉಕ್ಕಿನ ಮೈಗಳು ಹೀಗೆ ಉರುಳುವಾಗ ಅತಿ ಸಣ್ಣ ಪ್ರಮಾಣದ ಉಜ್ಜಾಟ ಇದ್ದೇ ಇರುತ್ತದೆ. ಉದುರಿದ ಉಕ್ಕಿನ ಕಣಗಳು ಗಾಳಿಯ ಆಕ್ಸಿಜನ್ ಸೇರಿ ಕಬ್ಬಿಣದ ಆಕ್ಸೈಡ್ ಆಗುತ್ತವೆ. ನಾನು ಒರೆಸಿದ ಕೆಮ್ಮಣ್ಣು ಬಣ್ಣದ ಪುಡಿ ಅದೇ. ಈ ಆಕ್ಸೈಡ್ ಉಕ್ಕನ್ನು ಸವೆಸುತ್ತದೆ. ಸಡಿಲ ಹೆಚ್ಚುತ್ತದೆ, ಉರುಳಾಟ ಹೆಚ್ಚುತ್ತದೆ, ಪುಡಿ ಗುಂಡುಗಳ ನಡುವೆ ಸೇರುತ್ತದೆ. ಹೊಸ ಬೇರಿಂಗ್ ಹಾಕಿದರೂ ಶಾಫ್ಟು ಹಳೆಯದೇ ಅಲ್ಲವೆ?

ಪಂಚ್ ಹೊಡೆಯುವುದು ಏಕೆ ನಿಲ್ಲುವುದಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಪಂಚ್ ಹೊಡೆದಾಗ ಚುಕ್ಕೆಯ ಸುತ್ತ ಲೋಹ ಉಬ್ಬುತ್ತದೆ. ಆ ಉಬ್ಬುಗಳ ತುದಿಯ ಮೇಲೆ ಬೇರಿಂಗ್ ಬಿಗಿಯಾಗಿ ಕುಳಿತಂತೆ ಕಾಣುತ್ತದೆ. ಹೊರೆಯೆಲ್ಲ ಆ ಕೆಲವೇ ತುದಿಗಳ ಮೇಲೆ ಬಿದ್ದು ಅವು ಬೇಗನೆ ಚಪ್ಪಟೆಯಾಗುತ್ತವೆ. ಆಮೇಲೆ ಬಳೆ ಮತ್ತು ಲಟ್ಟಣಿಗೆ. ಪಕ್ಕದಿಂದ ನಟ್ ಹಾಕಿ ಬಿಗಿಗೊಳಿಸಿದರೂ ಇದೇ ಕಥೆ. ಉರುಳಾಟ ನಿಲ್ಲಬೇಕಾದರೆ ಸಂದೇ ಇರಬಾರದು.

ಯಾವ ಉಂಗುರ ಬಿಗಿ?

ಹೊರ ಉಂಗುರಕ್ಕೆ ಈ ಕಾಟವಿಲ್ಲ. ಅದರ ಹೌಸಿಂಗ್ ನಿಂತಿದೆ, ಹೊರೆಯೂ ಅದರ ಒಂದೇ ಜಾಗವನ್ನು ಒತ್ತುತ್ತಿದೆ, ಉರುಳಲು ಕಾರಣವಿಲ್ಲ. ಆದ್ದರಿಂದ ಅಲ್ಲಿ ಎಚ್7 ಹೌಸಿಂಗ್ ಸಾಕು. 52 ಮಿ.ಮೀ.ಗೆ ಅದರ ವಲಯ 52.000ದಿಂದ 52.030, ಅಂದರೆ ಕೈಯಿಂದ ತಳ್ಳಿದರೆ ಕೂರುವಷ್ಟು ಸಡಿಲ. ಕಾರಿನ ಮುಂದಿನ ಸ್ವತಂತ್ರ ಚಕ್ರದಲ್ಲಿ ಅಚ್ಚು ನಿಂತಿದ್ದು ಗುಂಭ ತಿರುಗುವ ರಚನೆ ಇದ್ದರೆ ಇದು ತಿರುವುಮುರುವು: ಹೊರ ಉಂಗುರ ಬಿಗಿ, ಒಳ ಉಂಗುರ ಸಡಿಲ. ಜಲ್ಲಿ ಕ್ರಷರುಗಳ ಅದುರುವ ಜರಡಿಯಲ್ಲಿ ಶಾಫ್ಟಿಗೆ ಒಂದು ಬದಿ ಭಾರ ಕಟ್ಟಿರುತ್ತಾರೆ. ಹೊರೆಯ ದಿಕ್ಕೇ ಶಾಫ್ಟಿನ ಜೊತೆ ತಿರುಗುತ್ತದೆ. ಶಾಫ್ಟು ತಿರುಗುತ್ತಿದ್ದರೂ ಅಲ್ಲಿ ಬಿಗಿ ಬೇಕಾದದ್ದು ಹೊರ ಉಂಗುರಕ್ಕೆ. ಯಾವ ಉಂಗುರಕ್ಕೆ ಹೋಲಿಸಿದರೆ ಹೊರೆಯ ದಿಕ್ಕು ಸುತ್ತುತ್ತದೆಯೋ ಆ ಉಂಗುರ ಬಿಗಿಯಾಗಿರಬೇಕು. ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ಒಳ್ಳೆಯ ಪ್ರಶ್ನೆಯಾಗುತ್ತದೆ.

ಎರಡೂ ಉಂಗುರಗಳನ್ನು ಬಿಗಿಯಾಗಿಯೇ ಕೂರಿಸಿದರೇನು ಎಂದು ಕೇಳಬಹುದು. ಮೋಟಾರು ಓಡುವಾಗ ಶಾಫ್ಟು ಹೊರಕವಚಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಉಕ್ಕಿನ ಹಿಗ್ಗುವಿಕೆಯ ಗುಣಾಂಕ ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ 12 ಪಾಲು. ಎರಡು ಬೇರಿಂಗುಗಳ ನಡುವೆ 300 ಮಿ.ಮೀ. ಇದ್ದು ಶಾಫ್ಟು ಕವಚಕ್ಕಿಂತ 30 ಡಿಗ್ರಿ ಬಿಸಿಯಾದರೆ ಅದು 108 ಮೈಕ್ರಾನ್ ಉದ್ದವಾಗುತ್ತದೆ. ಎರಡು ತುದಿಯೂ ಕದಲದಿದ್ದರೆ ಆ ಉದ್ದವೆಲ್ಲ ಗುಂಡುಗಳನ್ನು ಪಕ್ಕದಿಂದ ಹಿಂಡುತ್ತದೆ. ಅದಕ್ಕಾಗಿ ಒಂದು ಬೇರಿಂಗನ್ನು ಅದರ ಜಾಗದಲ್ಲಿ ಕಟ್ಟಿಹಾಕಿ, ಇನ್ನೊಂದರ ಹೊರ ಉಂಗುರವನ್ನು ಹೌಸಿಂಗಿನಲ್ಲಿ ಹಿಂದೆ ಮುಂದೆ ಸರಿಯಲು ಬಿಡುತ್ತಾರೆ.

ಒಳ ಉಂಗುರದ ಬಿಗಿತಕ್ಕೂ ಬೆಲೆ ತೆರಬೇಕು. ಶಾಫ್ಟಿನ ಮೇಲೆ ಕೂತಾಗ ಉಂಗುರ ಹಿಗ್ಗುತ್ತದೆ. ಬಿಗಿತದ ಸುಮಾರು ಶೇಕಡಾ 80ರಷ್ಟು ಗುಂಡು ಓಡುವ ಹಳ್ಳದ ವ್ಯಾಸಕ್ಕೆ ಸೇರುತ್ತದೆ. ಗುಂಡು ಮತ್ತು ಉಂಗುರಗಳ ನಡುವೆ ತಯಾರಕ ಬಿಟ್ಟಿರುವ ಒಳಸಡಿಲ ಅಷ್ಟು ಕಡಿಮೆಯಾಗುತ್ತದೆ. ಈ ಗಾತ್ರದ ಸಾಮಾನ್ಯ ಬೇರಿಂಗಿನಲ್ಲಿ ಒಳಸಡಿಲ 5ರಿಂದ 20 ಮೈಕ್ರಾನ್, ಸರಾಸರಿ 12.5. ಬಿಗಿತದಿಂದ ಸುಮಾರು 9 ಕಳೆಯಿರಿ. ಒಳ ಉಂಗುರ ಹೊರ ಉಂಗುರಕ್ಕಿಂತ 10 ಡಿಗ್ರಿ ಬಿಸಿಯಾಗಿದ್ದರೆ ಇನ್ನೂ 4.6 ಹೋಗುತ್ತದೆ. ಉಳಿದದ್ದು ಸೊನ್ನೆಗಿಂತ ಕಡಿಮೆ: ಗುಂಡುಗಳು ಇಕ್ಕಳದಲ್ಲಿ ಸಿಕ್ಕಂತೆ. ಬೇರಿಂಗ್ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದಲೇ ಮೋಟಾರುಗಳಿಗೆ ಸಿ3 ಎಂಬ ಗುರುತಿರುವ, 13ರಿಂದ 28 ಮೈಕ್ರಾನ್ ಒಳಸಡಿಲದ ಬೇರಿಂಗನ್ನು ಹೆಚ್ಚಾಗಿ ಹಾಕುತ್ತಾರೆ. ಅದೇ ಲೆಕ್ಕದಲ್ಲಿ ಅಲ್ಲಿ ಸುಮಾರು 7 ಮೈಕ್ರಾನ್ ಉಳಿಯುತ್ತದೆ. ಅಂಗಡಿಯಲ್ಲಿ 6205 ಎಂದಷ್ಟೇ ಕೇಳಿದರೆ ಸಿ3 ಬರಬಹುದು, ಬಾರದಿರಬಹುದು. ಬೆಲೆಯ ಚೀಟಿಗಿಂತ ಆ ಎರಡು ಅಕ್ಷರಗಳನ್ನು ಮೊದಲು ನೋಡಬೇಕು.

ವೇಗವೂ ಫಿಟ್ಟನ್ನು ಬದಲಿಸುತ್ತದೆ. ತಿರುಗುವ ತೆಳು ಉಂಗುರದಲ್ಲಿ ಎಳೆತದ ಒತ್ತಡ ಸಾಂದ್ರತೆ ಮತ್ತು ಅಂಚಿನ ವೇಗದ ವರ್ಗದ ಗುಣಲಬ್ಧ. ನಮ್ಮ ಪಂಪಿನ ಶಾಫ್ಟಿನ ಮೈ ಸೆಕೆಂಡಿಗೆ 4 ಮೀಟರಿಗೂ ಕಡಿಮೆ ವೇಗದಲ್ಲಿ ಓಡುವುದರಿಂದ ಅಲ್ಲಿ ಹಿಗ್ಗುವಿಕೆ ಮೈಕ್ರಾನಿನ ನೂರನೇ ಒಂದು ಪಾಲಿನಷ್ಟು, ಮರೆತುಬಿಡಬಹುದು. ಆದರೆ 400 ಮಿ.ಮೀ. ವ್ಯಾಸದ ಉಕ್ಕಿನ ಉಂಗುರ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ತಿರುಗಿದರೆ ಅದರ ವ್ಯಾಸ 150 ಮೈಕ್ರಾನ್ ಹೆಚ್ಚುತ್ತದೆ. ಟರ್ಬೈನುಗಳಲ್ಲಿ ಕಾಯಿಸಿ ತೊಡಿಸಿದ ಬಿಡಿಭಾಗಗಳು ನಿಂತಾಗ ಬಿಗಿಯಾಗಿದ್ದು ಓಡುವಾಗ ಸಡಿಲವಾಗದಂತೆ ಮೊದಲೇ ಲೆಕ್ಕ ಹಾಕುವುದು ಇದಕ್ಕಾಗಿ.

ಅಳೆಯುವ ಮೊದಲು

ನಕ್ಷೆಯ ಮೇಲಿನ ಎಲ್ಲ ಅಳತೆಗಳೂ 20 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದವು. 1931ರಿಂದ ಇದು ಅಂತರರಾಷ್ಟ್ರೀಯ ಒಪ್ಪಂದ. ನಮ್ಮ ಬೇಸಿಗೆಯ 38 ಡಿಗ್ರಿಯಲ್ಲಿ ಉಕ್ಕಿನ ಮೈಕ್ರೊಮೀಟರಿನಿಂದ ಉಕ್ಕಿನ ಶಾಫ್ಟನ್ನು ಅಳೆದರೆ ತೊಂದರೆಯಿಲ್ಲ, ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿರುತ್ತವೆ. ಎರಡೂ ಒಂದೇ ಉಷ್ಣತೆಯಲ್ಲಿ ಇರಬೇಕು, ಅಷ್ಟೆ. ಬಿಸಿಲಲ್ಲಿದ್ದ ಶಾಫ್ಟನ್ನು ನೆರಳಿನಲ್ಲಿದ್ದ ಮೈಕ್ರೊಮೀಟರಿನಿಂದ ಅಳೆಯಬಾರದು. ಅಲ್ಯೂಮಿನಿಯಮ್ ಹೌಸಿಂಗ್ ಆದರೆ ಲೆಕ್ಕ ಬೇರೆ. ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ; 52 ಮಿ.ಮೀ. ರಂಧ್ರ ಅದೇ 38 ಡಿಗ್ರಿಯಲ್ಲಿ 10 ಮೈಕ್ರಾನ್ ದೊಡ್ಡದಾಗಿ ತೋರುತ್ತದೆ. ಮೋಟಾರು ಓಡಿ ಹೌಸಿಂಗು, ಬೇರಿಂಗು ಎರಡೂ 70 ಡಿಗ್ರಿಗೆ ಬಂದಾಗ ಹೊರ ಉಂಗುರದ ಸಡಿಲ 28 ಮೈಕ್ರಾನಿಗೂ ಹೆಚ್ಚು ಬೆಳೆದಿರುತ್ತದೆ. ಅಲ್ಯೂಮಿನಿಯಮ್ ಕವಚವಿದ್ದಾಗ ಹೊರ ಉಂಗುರವನ್ನು ಇನ್ನಷ್ಟು ಬಿಗಿಯಾಗಿ ಕೂರಿಸಬೇಕಾಗುತ್ತದೆ.

ಇನ್ನು ತಮ್ಮನ ಮೋಟಾರು. ಒಂಬತ್ತು ವರ್ಷ ಸುಮ್ಮನೆ ಓಡಿದ ಶಾಫ್ಟು 24.985ಕ್ಕೆ ಇಳಿದದ್ದು ಹೇಗೆ ಎಂಬುದು ನನಗೆ ಒಗಟಾಗಿತ್ತು. ವಿಚಾರಿಸಿದಾಗ ತಮ್ಮನೇ ನೆನಪಿಸಿಕೊಂಡ: ಮೊದಲ ಸಲ ಬೇರಿಂಗ್ ಬದಲಿಸುವಾಗ ಹೊಸದು ಒಳಗೆ ಹೋಗಲೇ ಇಲ್ಲವಂತೆ. ದುರಸ್ತಿ ಮಾಡುತ್ತಿದ್ದ ಹುಡುಗ ಸುತ್ತಿಗೆಯಿಂದ ಹೊರ ಉಂಗುರಕ್ಕೆ ಹೊಡೆದು ನೋಡಿ, ಆಗದೆ, ಶಾಫ್ಟಿಗೆ ಎಮರಿ ಕಾಗದ ಹಾಕಿ ಚೆನ್ನಾಗಿ ತಿಕ್ಕಿದ. "ಆಮೇಲೆ ಸರಾಗವಾಗಿ ಕೂತ್ಕೊಂಡ್ತು" ಎಂದ ತಮ್ಮ. ಆ ಹುಡುಗನ ಕೈಗೆ ಯಾರೂ ಮೈಕ್ರೊಮೀಟರ್ ಕೊಟ್ಟಿರಲಿಲ್ಲ. ಬೇರಿಂಗ್ ಒಳಗೆ ಹೋಗದಿರುವುದು ಶಾಫ್ಟು ಸರಿಯಾಗಿರುವುದರ ಲಕ್ಷಣ ಎಂದು ಹೇಳಿಕೊಟ್ಟಿರಲೂ ಇಲ್ಲ. ಹೊರ ಉಂಗುರಕ್ಕೆ ಬಿದ್ದ ಪೆಟ್ಟು ಗುಂಡುಗಳ ಮೂಲಕವೇ ಒಳ ಉಂಗುರಕ್ಕೆ ಹೋಗಬೇಕಾದ್ದರಿಂದ ಹಳ್ಳಗಳಲ್ಲಿ ಗುಂಡಿನ ಅಚ್ಚು ಬೀಳುತ್ತದೆ. ಮೊದಲ ಬೇರಿಂಗ್ ಓಡುವ ಮುನ್ನವೇ ಗಾಯಗೊಂಡಿತ್ತು.

ಶಾಫ್ಟನ್ನು ಪೇಟೆಯ ಗ್ರೈಂಡಿಂಗ್ ವರ್ಕ್‌ಷಾಪಿಗೆ ಒಯ್ದೆವು. ಅಲ್ಲಿ ಬೇರಿಂಗ್ ಕೂರುವ ಜಾಗಕ್ಕೆ ಲೋಹ ಸಿಂಪಡಿಸಿ ದಪ್ಪ ಮಾಡಿ 25.006ಕ್ಕೆ ಗ್ರೈಂಡ್ ಮಾಡಿಕೊಟ್ಟರು. ವೆಲ್ಡ್ ತುಂಬಿಸಿಯೂ ಮಾಡಬಹುದು, ಆದರೆ ಆ ಕಾವಿಗೆ ಶಾಫ್ಟು ಬಾಗುವ ಭಯವಿದೆ. ಬೇರಿಂಗನ್ನು ಕೂರಿಸುವಾಗ ಸುತ್ತಿಗೆ ಮುಟ್ಟಲಿಲ್ಲ. ಗ್ರೀಸ್ ತುಂಬಿ ಮುಚ್ಚಿದ ಬೇರಿಂಗುಗಳನ್ನು 80 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದು. 30 ಡಿಗ್ರಿಯಿಂದ 80ಕ್ಕೆ ಏರಿಸಿದರೆ 25 ಮಿ.ಮೀ. ರಂಧ್ರ 15 ಮೈಕ್ರಾನ್ ಹಿಗ್ಗುತ್ತದೆ, ನಮಗೆ ಬೇಕಿದ್ದದ್ದು ಸುಮಾರು 11. ವಿದ್ಯುತ್ ಒಲೆಯ ಮೇಲೆ ದಪ್ಪ ತಗಡು ಇಟ್ಟು, ಅದರ ಮೇಲೆ ಬೇರಿಂಗ್ ಇಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಕಾದೆವು. ತಮ್ಮ ಚರ್ಮದ ಕೈಗವಸು ಹಾಕಿಕೊಂಡು ಅದನ್ನೆತ್ತಿ ಶಾಫ್ಟಿಗೆ ತೊಡಿಸಿದ. ಬೇರಿಂಗ್ ಮೆಟ್ಟಿಲಿನವರೆಗೂ ಜಾರಿಹೋಗಿ ನಿಂತಿತು. ಒಂದು ನಿಮಿಷ ಬಿಟ್ಟು ಅಲುಗಾಡಿಸಲು ನೋಡಿದರೆ ಕದಲಲಿಲ್ಲ.

ಎರಡು ಬೇಸಿಗೆ ಕಳೆದವು, ಮೋಟಾರು ಓಡುತ್ತಿದೆ. ಕಾಲೇಜಿನ ಮೈಕ್ರೊಮೀಟರ್ ವಾಪಸು ಕೊಟ್ಟಾಯಿತು. ತಮ್ಮ ಈಗ ತನ್ನದೇ ಒಂದನ್ನು ಕೊಂಡಿಟ್ಟುಕೊಂಡಿದ್ದಾನೆ. ಅಕ್ಕಪಕ್ಕದ ತೋಟದವರು ಮೋಟಾರು ಬಿಚ್ಚಿದಾಗ ಅದನ್ನು ಕೇಳಿಕೊಂಡು ಬರುತ್ತಾರಂತೆ.